ಕಾರಣ: ಬೆನ್ನು ನೋವು

ಫೆಬ್ರವರಿ ೩

ಅಕ್ಕಾ,

ನಿಂತಿದ್ದರೆ ಕೂತುಕೋ. ಕೂತಿದ್ದರೆ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೋ. ನಿನ್ನ ತಮ್ಮ ವ್ಯಾಯಾಮಕ್ಕೆ ಸೇರಿದ್ದಾನೆ.

ನೀನು ನಕ್ಕದ್ದು ಹತ್ತು ಗಂಟೆಯ ರೈಲು ದೂರದಿಂದಲೂ ಕೇಳಿಸಿತು. ಎರಡು ಮೆಟ್ಟಿಲಿಗೆ ಏದುಸಿರು ಬಿಡುವವನು, ಓಡಿ ಬಸ್ಸು ಹಿಡಿಯುವ ಬದಲು ಮುಂದಿನ ಬಸ್ಸಿಗೆ ಕಾಯುವವನು, ಈಗ ವಾರಕ್ಕೆ ಮೂರು ಸಲ ಪಾಳಿ ಮುಗಿದ ಮೇಲೆ ಮರಳಿನ ಮೂಟೆಗೆ ಗುದ್ದುತ್ತಿದ್ದಾನೆ. ಕುಲುಮೆ ವಿಭಾಗದಲ್ಲಿ ನೂರಕ್ಕೆ ಅರವತ್ತು ಜನರಿಗೆ ಬೆನ್ನು ನೋವು ಎಂದು ಕಾರ್ಖಾನೆಯ ಡಾಕ್ಟರು ವರದಿ ಕೊಟ್ಟರಂತೆ. ಕಲ್ಯಾಣಾಧಿಕಾರಿಗಳು ತಕ್ಷಣ ಎಚ್ಚೆತ್ತು, ಹಳೆ ಉಗ್ರಾಣ ಖಾಲಿ ಮಾಡಿಸಿ, ತೊಲೆಗಳಿಗೆ ಎಂಟು ಮೂಟೆ ತೂಗುಹಾಕಿ, ಒಬ್ಬ ಮೇಷ್ಟ್ರನ್ನು ತಂದು ನಿಲ್ಲಿಸಿದರು. ಹಿಂದೆ ಮುಷ್ಟಿಕಾಳಗದ ಪಟು. ಮೂಗು ಮೂರು ಕಡೆ ಮುರಿದು ಮೂರು ಕಡೆಯೂ ಸೊಟ್ಟಗೆ ಕೂಡಿಕೊಂಡಿದೆ. ಹಾಗಾಗಿ ನಮಗೆಲ್ಲ ಅವರು ಗಂಟುಮೂಗು ಮೇಷ್ಟ್ರು.

ಸೇರುವವರು ಒಂದು ಫಾರಂ ತುಂಬಬೇಕು. ಅದರಲ್ಲೊಂದು ಸಾಲು: ಸೇರಲು ಕಾರಣ. ಎಲ್ಲರೂ 'ಆರೋಗ್ಯ' ಎಂದು ಬರೆದರು. ಸುಳ್ಳರು. ಕ್ರೇನಿನ ದಪ್ಪಣ್ಣ ಸೇರಿದ್ದು ಮನೆಯಲ್ಲಿ ಅತ್ತೆ ಬಂದು ಠಿಕಾಣಿ ಹೂಡಿದ್ದಾರೆ, ಒಂದು ಗಂಟೆ ತಡವಾಗಿ ಹೋದರೆ ಒಂದು ಗಂಟೆ ಆಯುಸ್ಸು ಉಳಿಯಿತು ಎಂದು. ಸ್ಟೋರಿನ ಗುಮಾಸ್ತ ಸೇರಿದ್ದು ಮ್ಯಾನೇಜರು ಸೇರಿದ್ದಾರೆ ಎಂದು. ಮ್ಯಾನೇಜರು ಎರಡನೇ ದಿನವೇ ಬಿಟ್ಟರು, ಈತ ಬಿಡಲೂ ಆಗದೆ ಗುದ್ದಲೂ ಆಗದೆ ಒದ್ದಾಡುತ್ತಿದ್ದಾನೆ. ಪೇಂಟರು ಬಂದದ್ದು ಬಿಟ್ಟಿ ಬೂಟಿಗೆ. ಗ್ರೈಂಡಿಂಗಿನಲ್ಲಿ ಒಬ್ಬ ವಿಧುರ ಇದ್ದಾನೆ. ನೀನ್ಯಾಕಪ್ಪಾ ಎಂದು ಕೇಳಿದ್ದಕ್ಕೆ, ಇಲ್ಲಿ ಯಾರಾದರೂ ಮೈ ಮುಟ್ಟುತ್ತಾರಲ್ಲ, ಹೊಡೆಯುವುದಕ್ಕಾದರೂ ಸರಿ, ಅಂದ. ಎಲ್ಲರೂ ಗೊಳ್ಳೆಂದು ನಕ್ಕೆವು. ಆಮೇಲೆ ಯಾಕೋ ಯಾರೂ ಅವನ ಮುಖ ನೋಡಲಿಲ್ಲ.

ನಾನು ಬರೆದದ್ದು: ಬೆನ್ನು ನೋವು.

ಒಂದು ತಮಾಷೆ ಕೇಳು. ಉಗ್ರಾಣದ ಪಕ್ಕದಲ್ಲೇ ಟನ್ನುಗಟ್ಟಲೆ ತೂಕದ ಯಂತ್ರದ ಹ್ಯಾಮರುಗಳು ಬೀಳುವುದರಿಂದ ಮೇಷ್ಟ್ರ ಕೂಗು ಯಾರಿಗೂ ಕೇಳುವುದಿಲ್ಲ. ಅವರು ಕೈಯಲ್ಲೇ ಮಾತಾಡುತ್ತಾರೆ. ಮುಷ್ಟಿ ಎತ್ತಿದರೆ ಹೊಡೆ, ಅಂಗೈ ತಗ್ಗಿಸಿದರೆ ನಿಲ್ಲಿಸು. ನಮಗೆ ಇದು ಪೂರ್ತಿ ಉಲ್ಟಾ. ಹ್ಯಾಮರಿನಲ್ಲಿ ಇಕ್ಕಳ ಹಿಡಿದವನು ಒಂದು ಬೆರಳು ತೋರಿಸಿದರೆ ಮೆಲ್ಲಗೆ, ಎರಡು ತೋರಿಸಿದರೆ ಜೋರಾಗಿ, ಮುಷ್ಟಿ ಎತ್ತಿದರೆ ನಿಲ್ಲಿಸು. ಮೊದಲ ದಿನ ಮೇಷ್ಟ್ರು ಮುಷ್ಟಿ ಎತ್ತಿದ್ದೇ ತಡ, ಇಡೀ ಕುಲುಮೆ ವಿಭಾಗ ಶಾಪ ತಗುಲಿದವರ ಹಾಗೆ ಕಲ್ಲಾಗಿ ನಿಂತೆವು.

ಇನ್ನೊಂದು ವಿಷಯ. ಭಾವನೂ ಸೇರಿದ್ದಾನೆ. ನೀನು ಬಿಟ್ಟು ಹೋದ ಆ ಮಹಾಪುರುಷನೇ. ಹ್ಯಾಮರಿನಲ್ಲಿ ಈಗಲೂ ಅವನೇ ನನ್ನ ಜೋಡಿ: ಇಕ್ಕಳದಲ್ಲಿ ಕಬ್ಬಿಣ ಹಿಡಿಯುವುದು ಅವನು, ಪೆಡಲ್ ಒತ್ತಿ ಹ್ಯಾಮರು ಬೀಳಿಸುವುದು ನಾನು. ಜೋಡಿಯನ್ನು ಇಲ್ಲಿ ಬದಲಿಸುವುದಿಲ್ಲ, ಒಬ್ಬರ ಉಸಿರು ಒಬ್ಬರಿಗೆ ಗೊತ್ತಿರಬೇಕು. ಮೇಷ್ಟ್ರು ತೂಕ ನೋಡಿ ಅಲ್ಲೂ ನಮ್ಮಿಬ್ಬರನ್ನೇ ಎದುರುಬದುರು ನಿಲ್ಲಿಸಿದ್ದಾರೆ. ಅಷ್ಟೇ. ಬೇರೇನಿಲ್ಲ. ಕೆಳಗೆ ನಮ್ಮನೆಯವಳು ಎರಡು ಸಾಲು ಸೇರಿಸಿದ್ದಾಳೆ.

ನಿನ್ನ ತಮ್ಮ

(ಅಕ್ಕಾ, ನಾನು. ಇವರ ತೋಳಿಗೆ ಎಣ್ಣೆ ತಿಕ್ಕಿ ತಿಕ್ಕಿ ನನ್ನ ತೋಳು ಗಟ್ಟಿಯಾಗ್ತಿದೆ. ಇವರದು ಇನ್ನೂ ಸೋರೆಕಾಯಿಯೇ. ನಮ್ಮ ಹೊಲಿಗೆ ಅಂಗಡಿಯಲ್ಲಿ ಎಲ್ಲರೂ ನಿಮ್ಮನ್ನು ಕೇಳಿದ್ರು.)


ಫೆಬ್ರವರಿ ೧೪

ತಮ್ಮಾ,

ನಿನ್ನ ಪತ್ರವನ್ನು ಇಲ್ಲಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಗಟ್ಟಿಯಾಗಿ ಓದಿದೆ. ದಪ್ಪಣ್ಣನ ಅತ್ತೆಯ ಕಥೆಗೆ ಇಸ್ತ್ರಿಯ ಅಜ್ಜಿ ನಕ್ಕು ನಕ್ಕು ಒಂದು ದಿಂಬಿನ ಕವರು ಸುಟ್ಟಳು. 'ಭಾವನೂ ಸೇರಿದ್ದಾನೆ' ಎನ್ನುವ ಸಾಲಿಗೆ ಬಂದಾಗ ಕಾಗದ ಮಡಚಿದೆ. ಉಳಿದದ್ದನ್ನು ಒಬ್ಬಳೇ ಓದಿದೆ.

ನಿನಗೆ ಬೆನ್ನು ನೋವಿಲ್ಲ. ಹಲ್ಲು ನೋವು ಬರುತ್ತದೆ, ಹೊಟ್ಟೆ ನೋವು ಬರುತ್ತದೆ, ಬೆನ್ನು ಮಾತ್ರ ಕಲ್ಲು. ಚಿಕ್ಕಂದಿನಲ್ಲಿ ಹೊತ್ತು ತಿರುಗಿದವಳಿಗೆ ಅದು ಗೊತ್ತಿಲ್ಲವೇ? ನೀನು ಯಾಕೆ ಸೇರಿದೆ ಎಂದು ನಾನು ಹೇಳುತ್ತೇನೆ. ಆ ಸಂಬಂಧ ತಂದವನು ನೀನು. ನನ್ನ ಜೋಡಿಯವನು, ಚಿನ್ನದಂಥವನು ಎಂದು ಕೈಹಿಡಿದು ಮನೆಗೆ ಕರೆತಂದೆ. ಆ ಮುಳ್ಳು ನಿನ್ನ ಎದೆಯಲ್ಲಿ ಮುರಿದು ಕೂತಿದೆ. ಕಿತ್ತು ಬಿಸಾಡು. ಕಣ್ಣು ಬಿಟ್ಟು ನೋಡಿ ಒಪ್ಪಿದವಳು ನಾನು.

ನನಗೆ ಅವನ ಭಯವಿಲ್ಲ ಈಗ. ನಿನ್ನ ಕೈಯ ಭಯ. ಅಪ್ಪ ನಾಟಕದ ಕಂಪನಿಯಲ್ಲಿ ಆಟಕ್ಕೆ ಇಪ್ಪತ್ತು ಜನರನ್ನು ಕೊಂದು ಬರುತ್ತಿದ್ದ, ಮನೆಯಲ್ಲಿ ಜಿರಳೆ ಹೊಡೆಯಲು ಅಮ್ಮನನ್ನು ಕರೆಯುತ್ತಿದ್ದ. ನಮ್ಮ ಮನೆಯ ಗಂಡಸರ ಆರ್ಭಟ ಗಂಟಲಲ್ಲೇ ಮುಗಿಯುತ್ತದೆ, ಕೈಗೆ ಇಳಿಯುವುದಿಲ್ಲ. ಅದು ಹಾಗೇ ಇರಲಿ.

ಮುಚ್ಚಿಟ್ಟರೆ ನೀನು ಊಹಿಸಿ ಇನ್ನೂ ದೊಡ್ಡದು ಮಾಡುತ್ತೀಯ, ಅದಕ್ಕೆ ಒಂದು ನಿಜ ಹೇಳಿಬಿಡುತ್ತೇನೆ. ಒದ್ದೆ ಹೊದಿಕೆ ಎತ್ತಿ ಎತ್ತಿ ಭುಜ ಕೆಟ್ಟಿತು ಎಂದಿದ್ದೆ. ಅಲ್ಲ. ಅವನು ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದು ಬೆನ್ನ ಹಿಂದಕ್ಕೆ ತಿರುಚಿದ. ಕೀಲು ಬಿಟ್ಟ ಸದ್ದು ಇಬ್ಬರಿಗೂ ಕೇಳಿಸಿತು. ಅವನಿಗೆ ಉಣ್ಣುವುದಕ್ಕೆ, ದುಡಿಯುವುದಕ್ಕೆ ಬಲಗೈ. ಹೊಡೆಯಲು ಯಾವಾಗಲೂ ಎಡಗೈ. ಡಾಕ್ಟರಿಗೆ ಬಚ್ಚಲಲ್ಲಿ ಜಾರಿದೆ ಎಂದೆ. ಅದು ಮುಗಿದ ಕಥೆ. ಎರಡು ವರ್ಷವಾಯಿತು, ನಾನಿಲ್ಲಿ ಬದುಕಿದ್ದೇನೆ.

ನಮ್ಮಲ್ಲೂ ವ್ಯಾಯಾಮ ನಡೆಯುತ್ತದೆ ಕಣೋ. ಊಟದ ವಿರಾಮದಲ್ಲಿ ಇಪ್ಪತ್ತು ನಿಮಿಷ, ಫಿಸಿಯೋ ಹುಡುಗಿ ಬಂದು ಮಾಡಿಸುತ್ತಾಳೆ. ನಾನು ಸೇರಿದ್ದು ನನ್ನ ಜಡೆ ನಾನೇ ಹೆಣೆದುಕೊಳ್ಳಬೇಕೆಂದು. ಇಷ್ಟು ದಿನ ಇಸ್ತ್ರಿಯ ಅಜ್ಜಿ ಹೆಣೆಯುತ್ತಿದ್ದಳು, ಹುಬ್ಬು ಹಣೆಗೇರುವಂತೆ ಎಳೆದು. ಈಗ ನನ್ನ ಕೈ ಕಿವಿಯ ತನಕ ಏರುತ್ತದೆ.

ಮೂಟೆಗೆ ಗುದ್ದು. ಮೂಟೆಗೆ ಮಾತ್ರ.

ಅಕ್ಕ


ಮಾರ್ಚ್ ೨

ಅಕ್ಕಾ,

ಕಹಳೆ ಊದಿಸು, ನಗಾರಿ ಬಡಿಸು. ಶನಿವಾರ ಪರದೆ ಮೇಲೆದ್ದಿತು.

ಉಗ್ರಾಣದ ನೆಲಕ್ಕೆ ಸೀಮೆಸುಣ್ಣದಲ್ಲಿ ಚೌಕ ಎಳೆದರು. ಮರದ ಪೆಟ್ಟಿಗೆಗಳ ಮೇಲೆ ಎಂಬತ್ತು ಜನ. ಜೋಡಿಗಳಿಗೆ ಮೂರು ಸುತ್ತು, ಪ್ರೀತಿಯ ಪಂದ್ಯ, ಎಂದರು ಮೇಷ್ಟ್ರು. ಪ್ರೀತಿಯ ಎಂಬ ಮಾತಿಗೆ ನಾನು ಕೈಮುಗಿದೆ. ಮೆಲ್ಲಗೆ ಆಡೋಣ ಭಾವಾ, ಎಂದೆ. ಅವನು ಹಲ್ಲು ಕಿರಿದ. ಆಗ ಅವನಿಗೆ ಪೂರ್ತಿ ಹಲ್ಲಿದ್ದವು.

ಮೊದಲ ಸುತ್ತಿನಲ್ಲಿ ನಾನು ತಿಂದೆ. ಬೇಕೆಂದೇ ತಿಂದೆ. ಅವನ ಎಡಗೈ ಎಲ್ಲಿಂದ ಹೊರಡುತ್ತದೆ, ಎಷ್ಟು ಹೊತ್ತಿಗೆ ಬಂದು ತಲುಪುತ್ತದೆ ಎಂದು ನನ್ನ ಪಕ್ಕೆಲುಬಿನ ಮೇಲೆ ಅಳೆದುಕೊಂಡೆ. ಒಂದು ಏಟು ಕಿವಿಗೆ ಬಿತ್ತು, ತಲೆಯೊಳಗೆ ಗಂಟೆ ಮೊಳಗಿತು. ನೀನು ಎಷ್ಟು ವರ್ಷ ಈ ಗಂಟೆ ಕೇಳಿದೆಯೋ ಎಂದುಕೊಂಡೆ, ಕಣ್ಣಿಗೆ ಕೆಂಪು ಕವಿಯಿತು.

ಎರಡನೇ ಸುತ್ತಿನಲ್ಲಿ ಆ ಎಡಗೈ ಬಂದಾಗಲೆಲ್ಲ ಅದರ ತೋಳಿನ ಮಾಂಸಕ್ಕೇ ಗುದ್ದಿದೆ. ಮುಖ ಬಿಟ್ಟೆ, ಎದೆ ಬಿಟ್ಟೆ. ಕುಲುಮೆಯಲ್ಲಿ ಕೆಂಪು ಕಬ್ಬಿಣವನ್ನು ಹ್ಯಾಮರು ಹೇಗೆ ಒಂದೇ ಜಾಗದಲ್ಲಿ ಜಜ್ಜುತ್ತದೋ ಹಾಗೆ. ಸುತ್ತು ಮುಗಿಯುವ ಹೊತ್ತಿಗೆ ಅದು ಹಗ್ಗದ ಹಾಗೆ ಜೋತಾಡುತ್ತಿತ್ತು. ಮೂರನೆಯದರಲ್ಲಿ ಅವನಿಗೆ ಕೈ ಎತ್ತಲಾಗಲಿಲ್ಲ. ತೆರೆದ ಬಾಗಿಲು. ಮೂಗಿಗೊಂದು, ಬಾಯಿಗೊಂದು, ಮತ್ತೆ ಬಾಯಿಗೊಂದು. ಎರಡು ಹಲ್ಲು ಸುಣ್ಣದ ಗೆರೆಯ ಮೇಲೆ ಬಿದ್ದವು. ಬಿಳಿ ಗೆರೆ ಅಲ್ಲೇ ಕೆಂಪಾಯಿತು. ಅವನು ಮಂಡಿಯೂರಿದ. ಮೇಷ್ಟ್ರು ಅಂಗೈ ತಗ್ಗಿಸಿದರು. ಅದಾದ ಮೇಲೂ ಎರಡು ಕೊಟ್ಟೆ. ಮೇಷ್ಟ್ರು ನನ್ನ ಕುತ್ತಿಗೆಗೆ ತೋಳು ಹಾಕಿ ಎಳೆದು, ಕೈ ಕಾಣಲಿಲ್ಲವೇನೋ ಎಂದರು. ಕಾಣಲಿಲ್ಲ ಮೇಷ್ಟ್ರೇ, ಎಂದೆ.

ನಿನಗೆ ಮಾತ್ರ ಹೇಳುತ್ತೇನೆ. ಕಂಡಿತ್ತು.

ಅವನು ಬಾಯಿ ತುಂಬ ರಕ್ತ ಇಟ್ಟುಕೊಂಡೇ ಕೇಳಿದ:

"ತೃಪ್ತಿ ಆಯ್ತೇನೋ?"

"ಇನ್ನೂ ಇಲ್ಲ ಭಾವಾ."

ಎಂಬತ್ತು ಜನರ ಚಪ್ಪಾಳೆಯಲ್ಲಿ ಈ ಮಾತು ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಕೇಳಲಿಲ್ಲ. ನಿನ್ನ ಪತ್ರ ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಮುಗಿದ ಕಥೆ ಎಂದು ಬರೆದಿದ್ದೀಯ. ಮುಗಿದದ್ದಾದರೆ ಕೈ ಯಾವುದೆಂದು ಯಾಕೆ ಹೇಳುತ್ತಿದ್ದೆ? ನನಗೆ ಅರ್ಥವಾಯಿತು ಬಿಡು.

ನಮ್ಮನೆಯವಳಿಗೆ ಮಾತ್ರ ಸಂಭ್ರಮವಿಲ್ಲ. ಊಟಕ್ಕೆ ಕೂತರೆ ತಟ್ಟೆಯನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟು ಸರಿದುಹೋಗುತ್ತಾಳೆ. ಹೆಂಗಸರಿಗೆ ರಕ್ತ ಕಂಡರೆ ಆಗುವುದಿಲ್ಲ, ಅಷ್ಟೇ.

ನಿನ್ನ ತಮ್ಮ

(ಅಕ್ಕಾ, ಅಂಗಿಯ ಕಲೆ ಹೋಗ್ತಿಲ್ಲ. ನಿಮ್ಮಲ್ಲಿ ರಕ್ತಕ್ಕೆ ಏನು ಹಾಕ್ತೀರಿ?)


ಮಾರ್ಚ್ ೧೧

ತಮ್ಮಾ,

ಮೊದಲು ನಿನ್ನ ಮನೆಯ ಹುಡುಗಿಗೆ ಹೇಳು: ತಣ್ಣೀರು, ಉಪ್ಪು, ಮತ್ತೆ ತಣ್ಣೀರು. ಬಿಸಿನೀರು ಹಾಕಿದರೆ ರಕ್ತ ಬಟ್ಟೆಗೆ ಕೂತುಬಿಡುತ್ತದೆ.

ನಿನಗೆ ಏನು ಹೇಳಲಿ. ಭುಜದ ಕಥೆ ಬರೆದದ್ದು ನಿನ್ನನ್ನು ತಡೆಯಲು. ಅದರಲ್ಲಿ ನಿನಗೆ ಅಪ್ಪಣೆ ಕಂಡಿತೇ? ಹಿಡಿಯಲು ಕೊಟ್ಟ ಹಗ್ಗವನ್ನು ಚಾಟಿ ಮಾಡಿಕೊಂಡೆಯಲ್ಲೋ.

ಬೈಯಬೇಕೆಂದೇ ಕೂತೆ. ಆದರೆ ಎರಡೇ ಹಲ್ಲೋ, ಮುಂದಿನವೋ ಪಕ್ಕದವೋ ಎಂದು ನೀನು ಸರಿಯಾಗಿ ಬರೆದಿಲ್ಲ. ನಾನು ಕೇಳುತ್ತಿದ್ದೇನೆ ಎಂದುಕೊಳ್ಳಬೇಡ. ಕೇಳುತ್ತಿಲ್ಲ.

ಇಲ್ಲಿಗೆ ಸಾಕು. ಆ ತರಗತಿ ಬಿಡು. ಬಿಟ್ಟೆ ಎಂದು ಬರೆ.

ಅಕ್ಕ


ಏಪ್ರಿಲ್ ೯

ಅಕ್ಕನಿಗೆ,

ಬೇರೆಯವರ ಬಾಯಿಂದ ತಿಳಿಯುವ ಮೊದಲು ನಾನೇ ಬರೆಯುತ್ತಿದ್ದೇನೆ. ಸೋಮವಾರ ಹ್ಯಾಮರಿನಲ್ಲಿ ಒಂದು ತಪ್ಪಾಯಿತು.

ಹ್ಯಾಮರಿನ ಕೆಳಗಿನ ಅಚ್ಚಿನಲ್ಲಿ ಕಿಟ್ಟ ತುಂಬಿಕೊಂಡಿತ್ತು. ಕಾದ ಕಬ್ಬಿಣದ ಮೇಲಿಂದ ಉದುರುವ ಹೊಟ್ಟು ಅದು. ಅದನ್ನು ಗುಡಿಸಬೇಕಾದರೆ ಇಕ್ಕಳದವನು ಬಲಗೈ ಮುಷ್ಟಿ ಎತ್ತುತ್ತಾನೆ, ಎಡಗೈಯಲ್ಲಿ ಬ್ರಷ್ಷು ಹಿಡಿದು ಅಚ್ಚಿನೊಳಗೆ ಹಾಕುತ್ತಾನೆ. ದಿನಕ್ಕೆ ಐವತ್ತು ಸಲ ಮಾಡುವ ಕೆಲಸ. ಅವನು ಮುಷ್ಟಿ ಎತ್ತಿದ. ನನ್ನ ಕಾಲು ಪೆಡಲ್ ಒತ್ತಿತು.

ಎರಡು ಟನ್ನು. ಸದ್ದು ಯಾವಾಗಿನ ಹಾಗಿರಲಿಲ್ಲ, ಮಂಕಾಗಿತ್ತು. ಹ್ಯಾಮರು ಮೇಲೆದ್ದಾಗ ಮಣಿಕಟ್ಟಿನಿಂದ ಕೆಳಗೆ ಕೈ ಎನ್ನುವ ಆಕಾರವೇ ಉಳಿದಿರಲಿಲ್ಲ; ಅಚ್ಚಿನಲ್ಲಿ ಬೋಲ್ಟಿನ ಗುಂಡಿ ಇದೆಯಲ್ಲ, ಅದರ ತುಂಬ ಇತ್ತು. ಬಿಸಿಗೆ ಅಲ್ಲೇ ಹೊಗೆಯಾಡಿತು. ಅವನು ಕೂಗಲಿಲ್ಲ. ಎತ್ತಿದ ಬಲ ಮುಷ್ಟಿಯನ್ನು ಇಳಿಸುವುದನ್ನೇ ಮರೆತು ನಿಂತಿದ್ದ. ಆಮೇಲೆ ಬಿದ್ದ. ದಪ್ಪಣ್ಣ ಕ್ರೇನಿನಿಂದ ಇಳಿದು ಬಂದು ತನ್ನ ಬೆಲ್ಟನ್ನೇ ಬಿಗಿದು ರಕ್ತ ಕಟ್ಟಿದ. ಮಣಿಕಟ್ಟಿನ ಮೇಲಕ್ಕೆ ಕತ್ತರಿಸಿದ್ದಾರೆ. ಜೀವಕ್ಕೆ ಅಪಾಯವಿಲ್ಲ.

ಎಲ್ಲರಿಗೂ ಹೇಗಾಯಿತು ಎಂದು ಗೊತ್ತು. ಎರಡು ತಿಂಗಳಿಂದ ಮುಷ್ಟಿ ಎತ್ತಿದರೆ ಹೊಡೆ, ಹೊಡೆ ಎಂದು ಅಭ್ಯಾಸ ಮಾಡಿಸಿದ್ದಾರೆ. ಮೈ ಕಲಿತದ್ದನ್ನು ಮಾಡಿತು. ಹೋದ ವಾರವೇ ಪೇಂಟರು ಮುಷ್ಟಿ ತೋರಿಸಿದ್ದಕ್ಕೆ ದಪ್ಪಣ್ಣ ಭಾರ ಇಳಿಸಲು ಹೋಗಿ ಅನಾಹುತ ಕೂದಲೆಳೆಯಲ್ಲಿ ತಪ್ಪಿತ್ತು. ಗಂಟುಮೂಗು ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ಉಗ್ರಾಣಕ್ಕೆ ಬೀಗ ಬಿದ್ದಿದೆ. ಮೇ ನಾಲ್ಕಕ್ಕೆ ವಿಚಾರಣೆ. ನನ್ನನ್ನು ಯಾರೂ ಬೈಯುತ್ತಿಲ್ಲ. ಬೆನ್ನು ತಟ್ಟಿ ಟೀ ಕೊಡಿಸುತ್ತಾರೆ.

ಎಡಗೈ, ಅಕ್ಕ. ವಿಧಿಯ ಆಟ ನೋಡು.

ನಮ್ಮನೆಯವಳು ಈ ಸಲ ಎರಡು ಸಾಲು ಸೇರಿಸುತ್ತಿಲ್ಲ. ನಿನ್ನೆ ಕಪಾಟಿನ ಬಾಗಿಲು ತಗುಲಿ ದವಡೆ ಊದಿದೆ. ಮಲಗಿದ್ದಾಳೆ.

ತಮ್ಮ


ಏಪ್ರಿಲ್ ೧೫

ಯಾವ ಬಾಗಿಲು?

ನಿನ್ನ ಮನೆಯ ಕಪಾಟು ನಾನು ಕೊಟ್ಟದ್ದು. ಅದು ಹುಡುಗಿಯ ಸೊಂಟದೆತ್ತರ ಇದೆ. ಅದರ ಬಾಗಿಲಿಗೆ ದವಡೆ ತಗುಲಬೇಕಾದರೆ ಅವಳು ಮಂಡಿಯೂರಿ ಕೂತಿರಬೇಕು.

ಬಾಗಿಲುಗಳ ವಿಷಯ ನನ್ನ ಹತ್ತಿರ ಮಾತಾಡಬೇಡ ಕಣೋ. ನಾಲ್ಕು ವರ್ಷ ನನಗೆ ಬಾಗಿಲು ತಗುಲಿದೆ, ಗೋಡೆ ತಗುಲಿದೆ, ನಲ್ಲಿ ತಗುಲಿದೆ. ನೀನು ನಂಬಿದೆ, ನೀನು ಚಿಕ್ಕವನು ಎಂದು ನಾನು ಕ್ಷಮಿಸಿದೆ. ಈಗ ಅದೇ ಬಾಗಿಲನ್ನು ನನ್ನ ಮುಂದೆಯೇ ತಂದು ನಿಲ್ಲಿಸುತ್ತೀಯ. ಹೊಸ ಸುಳ್ಳು ಹುಡುಕುವಷ್ಟು ಮರ್ಯಾದೆಯನ್ನೂ ನನಗೆ ಕೊಡಲಿಲ್ಲ.

ಅವಳ ಕೈಯಲ್ಲೇ ಎರಡು ಸಾಲು ಬರೆಸಿ ಕಳಿಸು. ಚೆನ್ನಾಗಿದ್ದೇನೆ ಎಂದಲ್ಲ. ಏನಾಯಿತು ಎಂದು.

ಅಕ್ಕ


ಏಪ್ರಿಲ್ ೨೨

ನೀನು ಬರೆಯಲಿಲ್ಲ. ಅದೂ ಒಂದು ಉತ್ತರ.

ಹುಡುಕಬೇಡ. ಹುಡುಗಿ ಇಲ್ಲಿದ್ದಾಳೆ. ಹದಿನೈದರಂದು ನಿನಗೆ ಹಾಕಿದ ದಿನವೇ ಅವಳ ಹೊಲಿಗೆ ಅಂಗಡಿಗೂ ಒಂದು ಪತ್ರ ಹಾಕಿದ್ದೆ, ನಿನಗೆ ಹೇಳಿರಲಿಲ್ಲ. ಭಾನುವಾರ ಬೆಳಗ್ಗೆ ಒಂದು ಕೈಚೀಲ ಹಿಡಿದು, ಮುಖಕ್ಕೆ ಶಾಲು ಸುತ್ತಿಕೊಂಡು ಆಸ್ಪತ್ರೆಯ ಗೇಟಿನಲ್ಲಿ ನಿಂತಿದ್ದಳು. ದವಡೆ ಎರಡು ಕಡೆ ಮುರಿದಿದೆ. ಹನ್ನೆರಡು ದಿನ ಹಾಗೇ ಇಟ್ಟುಕೊಂಡು ನಿನಗೆ ಅಡುಗೆ ಮಾಡಿದ್ದಾಳೆ. ಡಾಕ್ಟರು ಹಲ್ಲಿಗೆ ತಂತಿ ಕಟ್ಟಿ ಬಾಯಿ ಮುಚ್ಚಿದ್ದಾರೆ. ಆರು ವಾರ ಕೊಳವೆಯಲ್ಲಿ ಗಂಜಿ. ಕೇಳಿದ್ದಕ್ಕೆಲ್ಲ ಕಾಗದದ ಮೇಲೆ ಬರೆಯುತ್ತಾಳೆ.

ಅವಳು ಬರೆದದ್ದು ಇಷ್ಟು. ನಿನ್ನ ಅಂಗಿ ಒಗೆಯಲು ತೆಗೆದಳು. ಜೇಬಿನಲ್ಲಿ ನನ್ನ ಪತ್ರವಿತ್ತು. 'ಯಾವಾಗಲೂ ಎಡಗೈ' ಎನ್ನುವ ಮಾತಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿತ್ತು. ನಿನ್ನನ್ನು ಒಂದೇ ಮಾತು ಕೇಳಿದಳು: ಅಕ್ಕ ಬರೆದ ಕೈಯೇ ಹೋ­ಯ್ತಲ್ಲ, ಅದು ತಪ್ಪೇನ್ರೀ? ಊರೆಲ್ಲ ನಿನ್ನ ಬೆನ್ನು ತಟ್ಟುತ್ತಿದ್ದಾಗ ಕೇಳಿದವಳು ಅವಳೊಬ್ಬಳು. ನೀನು ಕಾಲು ಅಗಲಿಸಿ ನಿಂತು, ಸೊಂಟ ತಿರುಗಿಸಿ, 'ಹುಶ್' ಎಂದು ಉಸಿರು ಬಿಟ್ಟು ಹೊಡೆದೆಯಂತೆ, ಮೇಷ್ಟ್ರು ಹೇಳಿಕೊಟ್ಟ ಹಾಗೆ. ಆ 'ಹುಶ್' ಎನ್ನುವುದನ್ನು ಅವಳು ಎರಡು ಸಲ ಬರೆದಿದ್ದಾಳೆ.

ಈಗ ನನ್ನದನ್ನು ಕೇಳು. ಅವನ ಕೈ ಹೋಯಿತು ಎಂದು ಓದಿದ ದಿನ ನಾನು ಹೊಟ್ಟೆ ತುಂಬ ಉಂಡೆ. ನಿನ್ನ ಕಾಗದವನ್ನು ಪೂರ್ತಿ ಓದುವ ಮೊದಲು ಆ ಭಾಗವನ್ನೇ ಮೂರು ಸಲ ಓದಿದೆ. ದವಡೆಯ ಸಾಲಿಗೆ ಬಂದದ್ದು ಆಮೇಲೆ. ಆ ಕೈಗಾಗಿ ನನಗೆ ಅಳು ಬರುವುದಿಲ್ಲ, ಬಂದರೆ ನಾಟಕವಾದೀತು. ಆದರೆ ಕೈ ಯಾವುದೆಂದು ತೋರಿಸಿದವಳು ನಾನು, ಆ ಮೂರು ಸಲದ ಖುಷಿಯ ಹೊತ್ತಿನಲ್ಲಿ ಈ ಹುಡುಗಿ ಮುರಿದ ದವಡೆ ಹಿಡಿದು ಮಲಗಿದ್ದಳು.

ಮೇ ನಾಲ್ಕರಂದು ವಿಚಾರಣೆಯಲ್ಲಿ ನಿಜ ಹೇಳು. ಅವನಿಗೆ ನ್ಯಾಯ ಸಿಗಲಿ ಎಂದಲ್ಲ. ಒಂದು ಸಲ 'ತಪ್ಪಾಯಿತು' ಎಂಬುದರ ಹಿಂದೆ ಅಡಗಿದೆ, ಎರಡು ದಿನ ಕಳೆಯುವುದರೊಳಗೆ ಬಾಗಿಲಿನ ಹಿಂದೆ ಅಡಗಿದೆ. ಮೂರನೆಯ ಸಲ ನಿನಗೆ ಅಡಗಬೇಕೆಂದೂ ಅನ್ನಿಸುವುದಿಲ್ಲ. ನೀನು ಹೇಳದಿದ್ದರೆ ನಿನ್ನ ಮೂರು ಪತ್ರಗಳೂ ಹನ್ನೆರಡನೇ ತಾರೀಕು ಇಲ್ಲಿಂದ ವಿಚಾರಣಾಧಿಕಾರಿಗೆ ಹೊರಡುತ್ತವೆ. 'ಕಂಡಿತ್ತು' ಎಂದು ಬರೆದ ಪತ್ರ ಎಲ್ಲಕ್ಕಿಂತ ಮೇಲಿರುತ್ತದೆ. ಬೆನ್ನ ಮೇಲೆ ಹೊತ್ತವಳು ಹೇಳುತ್ತಿದ್ದೇನೆ, ಬೆದರಿಕೆ ಅಲ್ಲ ಇದು.

ಇಲ್ಲಿಗೆ ಬರಬೇಡ.

ಅಕ್ಕ


ಮೇ ೬

ಅಕ್ಕ,

ಹೇಳಿದೆ.

ಒಂದು ಉದ್ದ ಮೇಜು. ಆ ಕಡೆ ವಿಚಾರಣಾಧಿಕಾರಿ, ಡಾಕ್ಟರು, ಕಲ್ಯಾಣಾಧಿಕಾರಿ. ಈ ಕಡೆ ನಾನು, ಮೇಷ್ಟ್ರು, ಭಾವ. ನಾನು ಮಾತು ಕಲಿತುಕೊಂಡು ಹೋಗಿದ್ದೆ. ಎದ್ದು ನಿಂತು, ಎದೆ ಸೆಟೆಸಿ, ಗಟ್ಟಿಯಾಗಿ ಹೇಳಿ ಮುಗಿಸಬೇಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಆದರೆ ಮೊದಲು ಅವನನ್ನು ಕೇಳಿದರು.

ಅವನು ಮೇಜನ್ನೇ ನೋಡುತ್ತ ಹೇಳಿದ:

"ತಪ್ಪು ನಂದೇ ಸಾರ್. ಮುಷ್ಟಿ ಸರಿಯಾಗಿ ಎತ್ತಲಿಲ್ಲ ನಾನು. ಇವರದೇನೂ ಇಲ್ಲ."

ಇವರು ಎಂದ, ಅಕ್ಕ. ಆರು ವರ್ಷ 'ಲೋ' ಎಂದು ಕರೆದವನು. ನಾನು ಮಾತಾಡಲೆಂದು ಕುರ್ಚಿ ಹಿಂದಕ್ಕೆ ಎಳೆದೆ. ಕುರ್ಚಿಯ ಕಾಲು ನೆಲಕ್ಕೆ ಉಜ್ಜಿ ಸದ್ದಾಯಿತು ಅಷ್ಟೇ. ಅವನ ಎರಡೂ ಭುಜ ಕಿವಿಯ ತನಕ ಹೋದವು. ಬ್ಯಾಂಡೇಜು ಸುತ್ತಿದ ಮೊಂಡುಗೈಯನ್ನು ಮುಖದ ಮುಂದೆ ತಂದುಕೊಂಡ. ಅಧಿಕಾರಿಗಳು ಕಾಗದ ನೋಡುತ್ತಿದ್ದರು, ಅವರಿಗೆ ಕಾಣಲಿಲ್ಲ. ನನಗೆ ಕಂಡಿತು. ನೀನು ಬಾಗಿಲು ತಗುಲಿತು ಎಂದು ಹೇಳುವಾಗ ಹೀಗೇ ಎಲ್ಲೋ ನೋಡುತ್ತಿದ್ದೆ. ಅವಳು ಹನ್ನೆರಡು ದಿನ ತಟ್ಟೆ ಇಟ್ಟು ಸರಿಯುವಾಗ ಹೀಗೇ ಸರಿಯುತ್ತಿದ್ದಳು. ಮೂವರು ನನ್ನ ಕಣ್ಣೆದುರು ಒಬ್ಬರೇ ಆಗಿಹೋದರು.

ಬಾಯಿಪಾಠ ಎಲ್ಲ ಹಾರಿಹೋಯಿತು. ನಿಂತುಕೊಂಡು, ಮುಷ್ಟಿ ಕಂಡಿತ್ತು ಸಾರ್, ನಿಲ್ಲಿಸು ಅಂತ ಗೊತ್ತಿತ್ತು, ಬೇಕೂಂತ್ಲೇ ಒತ್ತಿದೆ, ಎಂದೆ. ಅಧಿಕಾರಿ ಪೆನ್ನು ಕೆಳಗಿಟ್ಟು, ಆಘಾತದಲ್ಲಿ ಏನೇನೋ ಅನ್ನಿಸುತ್ತದೆ, ಯೋಚಿಸಿ ಹೇಳು ಎಂದರು. ಮತ್ತೆ ಹೇಳಿದೆ. ಕಲ್ಯಾಣಾಧಿಕಾರಿ ನೀರು ತರಿಸಿದರು. ಮೂರನೇ ಸಲ ಹೇಳುವಾಗ ಹೆಂಡತಿಯ ದವಡೆಯನ್ನೂ ಸೇರಿಸಿ ಹೇಳಿದೆ. ಆಮೇಲೆ ಬರೆದುಕೊಂಡರು. ಎಷ್ಟು ನಿಧಾನವಾಗಿ ಬರೆಯುತ್ತಾರೆ ಗೊತ್ತೇ, ಒಂದೊಂದು ಅಕ್ಷರವೂ ಕೇಳಿಸುತ್ತಿತ್ತು. ಭಾವ ಹೊರಗೆ ಹೋಗುವಾಗ ಗೋಡೆಗೆ ಅಂಟಿಕೊಂಡು ಹೋದ, ನನ್ನನ್ನು ಸುತ್ತಿಬಳಸಿ.

ಕೆಲಸದಿಂದ ತೆಗೆದಿದ್ದಾರೆ. ನಿನ್ನೆ ಠಾಣೆಯಲ್ಲಿ ಹೇಳಿಕೆ ಕೊಟ್ಟೆ. ಕರೆದಾಗ ಬರಬೇಕು, ಊರು ಬಿಡಬಾರದು. ಸಂಜ್ಞೆಯ ತಪ್ಪಲ್ಲ ಎಂದು ತಿಳಿದದ್ದರಿಂದ ಉಗ್ರಾಣದ ಬೀಗ ತೆಗೆಸಿದರು. ಎಲ್ಲರೂ ಮತ್ತೆ ಬರುತ್ತಿದ್ದಾರಂತೆ, ಆ ವಿಧುರ ಎಲ್ಲರಿಗಿಂತ ಮೊದಲು. ಮೇಷ್ಟ್ರು ಗೇಟಿನ ತನಕ ಬಂದು ಒಂದು ಮಾತು ಹೇಳಿದರು:

"ನಮ್ಮನೆ ಹಿತ್ತಲಲ್ಲೂ ಒಂದು ಮೂಟೆ ಇದೆ. ಗುದ್ದಿದ್ರೆ ನಿಂಗೆ ಒಳ್ಳೇದೋ, ಗುದ್ದದೇ ಇದ್ರೆ ಒಳ್ಳೇದೋ, ನಂಗೆ ನಿಜವಾಗ್ಲೂ ಗೊತ್ತಿಲ್ಲಪ್ಪಾ."

ಅವಳಿಗೆ ಬೇರೆ ಕಾಗದ ಬರೆಯಲು ನಾಲ್ಕು ಸಲ ಕೂತೆ. ಆಗಲಿಲ್ಲ. ಇದನ್ನೇ ಓದಿ ಹೇಳು, ಅವಳು ಬೇಡ ಅನ್ನದಿದ್ದರೆ.

ತಮ್ಮ


ಮೇ ೧೫

ತಮ್ಮಾ,

ಓದಿ ಹೇಳಿದೆ. ಒಂದಕ್ಷರ ಬಿಡಲಿಲ್ಲ. ಓದುವಾಗ ಅವಳು ಕಿಟಕಿಯ ಕಡೆ ತಿರುಗಿ, ಲಾಂಡ್ರಿಯಿಂದ ತಂದ ಹರಿದ ಹೊದಿಕೆಗೆ ಅಂಚು ಹೊಲಿಯುತ್ತಿದ್ದಳು. ಎಲ್ಲೂ ಸೂಜಿ ನಿಲ್ಲಲಿಲ್ಲ. ನೀನು ಮೂರನೇ ಸಲ ಹೇಳಿದ ಕಡೆಯೂ ನಿಲ್ಲಲಿಲ್ಲ. ಮೇಷ್ಟ್ರ ಮಾತು ಬಂದಾಗ ನಿಂತಿತು.

ವಾಪಸು ಬರುತ್ತಾಳೆಯೇ ಎಂದು ನೀನು ಕೇಳಿಲ್ಲ. ಕೇಳದಿದ್ದದ್ದು ಒಳ್ಳೆಯದಾಯಿತು. ಅವಳ ಪರವಾಗಿ ನಾನೇನೂ ಹೇಳುವವಳಲ್ಲ, ನಿನ್ನ ಪರವಾಗಿಯೂ ಅವಳ ಮುಂದೆ ಬಾಯಿಬಿಟ್ಟಿಲ್ಲ. ಇಲ್ಲಿ ಹೊಲಿಗೆ ಕೋಣೆಯಲ್ಲಿ ಒಂದು ಜಾಗ ಖಾಲಿಯಾಗಿದೆ. ತಂತಿ ಬಿಚ್ಚಿದ ಮೇಲೆ ಕೇಳಿ ನೋಡುತ್ತಾಳಂತೆ.

ಓದಿ ಮುಗಿದ ಮೇಲೆ ಸೂಜಿಯನ್ನು ಹೊದಿಕೆಗೆ ಚುಚ್ಚಿಟ್ಟು ಕಾಗದ ಎಳೆದುಕೊಂಡಳು. ನಿನಗೆ ಕಳಿಸಬೇಕಾದದ್ದು ಏನಾದರೂ ಬರೆಯುತ್ತಾಳೆ ಎಂದುಕೊಂಡೆ. ಒಂದೇ ಸಾಲು ಬರೆದು ನನ್ನ ಕಡೆ ತಿರುಗಿಸಿದಳು. ಅದಕ್ಕೆ ಉತ್ತರ ಕೊಡಬೇಕಾದವನು ನೀನು. ಅದನ್ನೇ ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ಬೇಗ ಬರೆ. ಯೋಚಿಸಿ, ಚೆಂದ ಮಾಡಿ ಬರೆಯಬೇಡ, ಇದ್ದದ್ದನ್ನು ಬರೆ.

'ಅವರು ಆ ಮೂಟೆ ಹತ್ರ ಹೋಗ್ತಿದ್ದಾರಾ?'

ಅಕ್ಕ